ನೀಲಾಂಜನೆಯ ನೃತ್ಯ, ಮಾವುತನ ಹಾಡು

ಕಲೆಯೊಂದು ಮನುಷ್ಯನ ಬಾಳನ್ನೇ ಅಡಿಮೇಲು ಮಾಡಿದ ಎರಡು ಪ್ರಸಂಗಗಳು ಕನ್ನಡದ ಜೈನಕಾವ್ಯಗಳಲ್ಲಿ ಸುಪ್ರಸಿದ್ಧವಾಗಿವೆ. ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ನೀಲಾಂಜನೆಯ ನೃತ್ಯವು ವೃಷಭನಾಥನನ್ನು ವೈರಾಗ್ಯದ ಕಡೆಗೆ ತಿರುಗಿಸುತ್ತದೆ. ಜನ್ನನ ‘ಯಶೋಧರಚರಿತೆ’ಯಲ್ಲಿ (1209) ಮಾವುತನೊಬ್ಬನ ಹಾಡು ರಾಣಿ ಅಮೃತಮತಿಯನ್ನು ಪತನಕ್ಕೆ ಸೆಳೆಯುತ್ತದೆ. ಮೊದಲನೆಯದು ಸತ್ಕಲೆ, ಎರಡನೆಯದು ದುಷ್ಕಲೆ ಎಂದು ವಿಂಗಡಿಸಿ ಮುಗಿಸುವುದು ಪ್ರವಚನಗಳ ರೂಢಿ. ಕಾವ್ಯಗಳನ್ನೇ ಕೈಗೆತ್ತಿಕೊಂಡು ಓದಿದಾಗ ಈ ವಿಂಗಡಣೆ ನಿಲ್ಲುವುದಿಲ್ಲ.

ಆಯುಷ್ಯ ತೀರುತ್ತಿದ್ದ ನರ್ತಕಿಯನ್ನೇ ಇಂದ್ರನು ಆರಿಸಿ ಕಳುಹಿಸಿದನು. ಕುಣಿಯುತ್ತಿದ್ದಂತೆಯೇ ಅವಳು ಮಿಂಚಿನಂತೆ ಅಡಗಿದಳು. ರಸಭಂಗವಾಗಬಾರದೆಂದು ಇಂದ್ರನು ಅವಳಂತೆಯೇ ಇರುವ ಮತ್ತೊಬ್ಬಳನ್ನು ಆ ಕ್ಷಣದಲ್ಲೇ ನಿಲ್ಲಿಸಿದನು. ಸಭೆಗೆ ಅದು ತಿಳಿಯಲಿಲ್ಲ, ಆದಿದೇವನೊಬ್ಬನಿಗೆ ತಿಳಿಯಿತು. ಇಲ್ಲಿ ಗಮನಿಸಬೇಕಾದುದು ಸಭೆಯನ್ನು. ಸಭಾಸದರ ಆನಂದವೇನೂ ಕಡಿಮೆಯದಾಗಿರಲಿಲ್ಲ. ಒಂದು ಸಾವು ಅವರ ಕಣ್ಣೆದುರೇ ಸಂಭವಿಸಿದರೂ ಕಾಣದಷ್ಟು ಅದು ಪರಿಪೂರ್ಣವಾಗಿತ್ತು. ಇಂದ್ರನ ಮಾಯೆ ಅರ್ಧ ಕೆಲಸ ಮಾಡಿತು, ಉಳಿದರ್ಧವನ್ನು ಪ್ರೇಕ್ಷಕರ ತನ್ಮಯತೆಯೇ ಮಾಡಿತು. ಪಂಪನಾದರೋ ನೃತ್ಯದ ವರ್ಣನೆಯಲ್ಲಿ ಕಿಂಚಿತ್ತೂ ಜಿಪುಣತನ ತೋರುವುದಿಲ್ಲ. ಓದುಗನನ್ನೂ ಅದೇ ಸಭೆಯಲ್ಲಿ ಕೂರಿಸಿ ಮೈಮರೆಸುತ್ತಾನೆ. ವಿರಾಗದ ಕವಿಗೆ ಇಷ್ಟೊಂದು ರಾಗವೇಕೆಂದು ಕೇಳುವವರು ಈ ಉಪಾಯವನ್ನು ಮರೆತಿರುತ್ತಾರೆ.

ಜನ್ನನ ಹಾಡು ಇರುಳಿನಲ್ಲಿ ಆನೆಯ ಲಾಯದಿಂದ ತೇಲಿ ಬರುತ್ತದೆ. ಹಾಡುವವನು ಕಾಣುವುದಿಲ್ಲ. ಆ ಹಾಡು ಕೀಳಾದುದೆಂದು ಕವಿ ಎಲ್ಲಿಯೂ ಹೇಳದಿರುವುದು ಈ ಕಾವ್ಯದ ಧೈರ್ಯ. ರಾಣಿಯ ಮನಸ್ಸು ದನಿಯಿಂದಲೇ ಒಬ್ಬ ಪುರುಷನನ್ನು ಕಡೆದುಕೊಳ್ಳುತ್ತದೆ. ದೂತಿ ಹೋಗಿ ನೋಡಿ ಬಂದು ಅಷ್ಟಾವಂಕನ ವಿಕಾರವನ್ನು ಬಣ್ಣಿಸಿದರೂ ಆ ವಿಗ್ರಹ ಒಡೆಯುವುದಿಲ್ಲ. ಇದನ್ನು ಸ್ತ್ರೀಚಾಂಚಲ್ಯದ ಕಥೆಯೆಂದಷ್ಟೇ ಓದುವುದು ಕವಿಗೆ ಮಾಡುವ ಅನ್ಯಾಯ. ಏಕೆಂದರೆ ಕಾವ್ಯ ಅಲ್ಲಿಗೇ ನಿಲ್ಲದೆ ಅರಸನತ್ತ ತಿರುಗುತ್ತದೆ. ಮಡದಿಯ ಮತ್ತು ಮಾವುತನ ಮೇಲೆ ಎತ್ತಿದ ಕತ್ತಿಯನ್ನು ತಡೆದುಕೊಂಡ ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ, ಆ ಸಂಕಲ್ಪಹಿಂಸೆಗಾಗಿ ತಾಯಿ-ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಒಂದೆಡೆ ದೇಹ ಕಾಣದ ದನಿ, ಇನ್ನೊಂದೆಡೆ ಜೀವವಿಲ್ಲದ ಕೋಳಿ. ಎರಡು ಕಡೆಯೂ ಕೆಲಸ ಮಾಡಿದುದು ಭಾವವೊಂದೇ. ಹಿಟ್ಟನ್ನು ಕಡಿದರೂ ಬಂಧವುಂಟೆಂದು ಒಪ್ಪಿದವರು, ಹಾಡನ್ನು ಕೇವಲ ಕೇಳಿದೆವು, ಸುಮ್ಮನೆ ಕಣ್ಣೀರು ಬಂತು ಎಂದು ಹೇಳಿ ಪಾರಾಗುವಂತಿಲ್ಲ.

ಪಂಚಕಲ್ಯಾಣ ಮಹೋತ್ಸವಗಳಲ್ಲಿ ದೀಕ್ಷಾಕಲ್ಯಾಣದ ಅಂಗವಾಗಿ ನೀಲಾಂಜನೆಯ ನೃತ್ಯವನ್ನು ಆಡಿಸುವ ಪದ್ಧತಿ ಇದೆ. ದೀಪ ಕ್ಷಣಕಾಲ ಮಂಕಾಗಿ ನರ್ತಕಿ ಬದಲಾಗುವುದನ್ನು ಕಲಾವಿದರು ಎಚ್ಚರದಿಂದ ತೋರಿಸಿದಲ್ಲಿ ಮಕ್ಕಳಿಗೂ ಅರ್ಥವಾಗುತ್ತದೆ. ಸಿನಿಮಾ ಧಾಟಿಯ ವಾದ್ಯ, ಕಿವಿಗಡಚಿಕ್ಕುವ ಧ್ವನಿವರ್ಧಕ, ಅಭ್ಯಾಸಬಲದ ಚಪ್ಪಾಳೆ ಇವು ಸೇರಿದಲ್ಲಿ ಆ ಕ್ಷಣವೇ ಕೊಚ್ಚಿಹೋಗಿ ಇಡೀ ಪೆಂಡಾಲು ಪಂಪನ ಸಭೆಯಾಗುತ್ತದೆ. ಒದ್ದೆಗಣ್ಣು ಆರುವ ಮುನ್ನ ಸವಾಲು ಕೂಗುವುದೂ ಉಂಟು. ಹಾಗೆ ಕೂಡಿದ ಹಣವನ್ನು ಹಳಿಯುವುದು ಸುಲಭ. ಸೋರುವ ಎಷ್ಟೋ ಬಸದಿಗಳ ಮಾಡು ಅಂಥ ಹಣದಿಂದಲೇ ದುರಸ್ತಿಯಾಗಿರಬಹುದು. ಆದರೂ ಶಾಸ್ತ್ರಕಾರರು ದಾತೃವಿನ ಏಳು ಗುಣಗಳನ್ನು ಎಣಿಸುವಾಗ ಶ್ರದ್ಧೆ, ಭಕ್ತಿಗಳ ಜೊತೆಗೆ ವಿಜ್ಞಾನವನ್ನೂ ಸೇರಿಸಿದ್ದಾರೆ. ಮನಸ್ಸು ಕಲಕಿದ ಗಳಿಗೆಯಲ್ಲಿ ಕೂಗಿದ ಮೊತ್ತದಲ್ಲಿ ಆ ಗುಣವೆಷ್ಟು ಎಂಬುದನ್ನು ಟ್ರಸ್ಟಿನವರು ಯೋಚಿಸಬೇಕು. ನೃತ್ಯ ಮುಗಿದ ಬಳಿಕ ಧ್ವನಿವರ್ಧಕವನ್ನು ಕಾಲುಗಂಟೆ ನಿಲ್ಲಿಸಿ, ಸವಾಲನ್ನು ಮರುದಿನ ಬೆಳಗಿನ ಅಭಿಷೇಕದ ಅನಂತರಕ್ಕೆ ಇಟ್ಟುಕೊಳ್ಳುವುದು ವ್ಯವಸ್ಥಾಪಕರಿಗೆ ಅಷ್ಟೇನೂ ಕಷ್ಟವಾಗಲಾರದು.