ಕಾಳಿಯ ಕಲ್ಲು

ಸಾಕಿದ ನಾಯಿಯ ಚಿತ್ರ ಬರೆಸುವುದು ಈಚಿನ ಪಟ್ಟಣದವರ ಶೋಕಿ ಎಂದು ಮೂಗು ಮುರಿಯುವವರು ಆತಕೂರಿನ ಕಲ್ಲನ್ನು ನೋಡಬೇಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಮುಂದೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದ ಈ ಸ್ಮಾರಕ ಕ್ರಿ.ಶ. 949–50ರದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸುತ್ತಿರುವುದನ್ನು ಅದರಲ್ಲಿ ಕೆತ್ತಿದ್ದಾರೆ. ಸಾಕುಪ್ರಾಣಿಯ ಚಿತ್ರ ಹೇಗಿರಬೇಕು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಕಲ್ಲಿನ ಮೇಲಿನ ಶಾಸನ ಹೇಳುವ ಕಥೆ ಇದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯ ಅಲ್ಲಿ ಮಡಿದ. ಆ ಗೆಲುವಿಗೆ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರರಂಥ ನಾಡುಗಳೇ ಬಂದವು. ಬೂತುಗನ ಕಡೆಯ ವೀರ ಮಣಲೆರನನ್ನು ಮೆಚ್ಚಿ ಏನು ಬೇಕೋ ಬೇಡಿಕೋ ಎಂದು ದೊರೆ ಹೇಳಿದಾಗ ಅವನು ಬೇಡಿದ್ದು ಕಾಳಿಯನ್ನು. ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ಅದಕ್ಕೆ ಎರಡು ಕಂಡುಗ ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ಶಾಸನ ಕಟ್ಟು ಹಾಕುತ್ತದೆ. ದಿನವೂ ತುತ್ತು ಎತ್ತುವ ಮೊದಲು ಒಬ್ಬ ಮನುಷ್ಯ ಆ ನಾಯಿಯನ್ನು ನೆನೆಯಲೇಬೇಕು! ಪ್ರೀತಿ ಇಷ್ಟು ಗಟ್ಟಿಯಾಗಿ ವ್ಯವಸ್ಥೆಯ ರೂಪ ತಳೆದದ್ದನ್ನು ಬೇರೆಲ್ಲೂ ನಾನು ಕಂಡಿಲ್ಲ.

ಚಿತ್ರವಾಗಿ ಇದರ ಹೆಚ್ಚುಗಾರಿಕೆ ಇರುವುದು ಒಡೆಯನನ್ನು ಹೊರಗಿಟ್ಟಿರುವುದರಲ್ಲಿ. ಯುದ್ಧ ಗೆದ್ದವನು ತನ್ನ ಆಕೃತಿಯನ್ನೂ ಪಕ್ಕದಲ್ಲಿ ಕೆತ್ತಿಸಬಹುದಿತ್ತು. ಇಲ್ಲಿ ನಾಯಿ ಯಾರ ಕಾಲ ಬುಡದಲ್ಲೂ ಕೂತಿಲ್ಲ. ತನ್ನ ಕೆಲಸದಲ್ಲಿದೆ, ತನಗಿಂತ ಬಲವಾದ ಮೃಗದ ಎದುರಿಗಿದೆ. ಲಂಡನ್ನಿನಲ್ಲಿರುವ ಎಡ್ವಿನ್ ಲ್ಯಾಂಡ್‌ಸೀರ್‌ನ 1837ರ ಹೆಸರಾಂತ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುದಿ ಕುರುಬನ ಶವಪೆಟ್ಟಿಗೆಯ ಮೇಲೆ ಗದ್ದವೂರಿದ ನಾಯಿ ಅದರಲ್ಲಿದೆ. ಕಲಾವಿಮರ್ಶಕ ರಸ್ಕಿನ್ ಅದನ್ನು ಬಾಯಿತುಂಬ ಹೊಗಳಿದ್ದ. ಬಣ್ಣಗಾರಿಕೆಯಲ್ಲಿ ಅದಕ್ಕೆ ಸಾಟಿಯಿಲ್ಲ, ನಿಜ. ಆದರೂ ಅಲ್ಲಿ ನಾಯಿ ನಮ್ಮ ದುಃಖವನ್ನು ಹೊತ್ತು ನಿಂತಿದೆ. ಕಾಳಿ ಹೊತ್ತಿರುವುದು ತನ್ನದೇ ಬದುಕನ್ನು.

ಕೊರತೆಯೂ ಇದೆ. ಕಾಳಿಯ ಮೈಬಣ್ಣವಾಗಲಿ ನೋಟವಾಗಲಿ ಕಲ್ಲಿನಿಂದ ತಿಳಿಯುವುದಿಲ್ಲ. ಶಿಲ್ಪಿ ಸಾಹಸವನ್ನು ಕೊಟ್ಟ, ಚಹರೆಯನ್ನು ಕೊಡಲಿಲ್ಲ. ಅದನ್ನು ಇಂದಿನ ಚಿತ್ರಕಾರ ಕೊಡಬಲ್ಲ, ಅವನ ಕೈಯಲ್ಲಿ ಫೋಟೋ ಇದೆ. ಆದರೆ ಈಗ ಹೆಚ್ಚಾಗಿ ಕಾಣುವುದು ನಾಯಿಗೆ ರಾಜನ ಅಂಗಿ, ಸೇನಾಪತಿಯ ಪದಕ ತೊಡಿಸಿ ಮುಖವೊಂದನ್ನು ಅಂಟಿಸಿದ ಡಿಜಿಟಲ್ ಚಿತ್ರಗಳು. ಮುಖ ಬದಲಿಸಿದರೆ ಯಾರ ಮನೆಯ ನಾಯಿಗೂ ಅದು ಸಲ್ಲುತ್ತದೆ. ಹಾಗೆ ಎಲ್ಲರಿಗೂ ಸಲ್ಲುವ ಚಿತ್ರ ಯಾರ ಪ್ರೀತಿಯನ್ನೂ ಹಿಡಿಯಲಾರದು.

ಇತಿಹಾಸಕಾರರು ಈ ಶಾಸನವನ್ನು ತಕ್ಕೋಲದ ಕಾಳಗಕ್ಕಾಗಿ, ರಾಜಾದಿತ್ಯನ ಸಾವಿನ ವಿವರಕ್ಕಾಗಿ ಓದುತ್ತ ಬಂದಿದ್ದಾರೆ. ಅದು ತಪ್ಪಲ್ಲ. ಆದರೆ ಕಲ್ಲು ನೆಟ್ಟದ್ದು ನಾಯಿಗಾಗಿ ಎಂಬುದು ಪಾಠಗಳಲ್ಲಿ ಕೊನೆಯ ಸಾಲಾಗಿಬಿಟ್ಟಿದೆ, ಅದು ನನಗೆ ನೋವಿನ ಸಂಗತಿ.

ನಿಮ್ಮ ಮನೆಯ ನಾಯಿಯದೋ ಬೆಕ್ಕಿನದೋ ಚಿತ್ರ ಬರೆಸುವುದಾದರೆ ಧಾರಾಳವಾಗಿ ಬರೆಸಿ, ಯಾರ ನಗೆಗೂ ಅಂಜಬೇಡಿ. ಆದರೆ ಚಿತ್ರಕಾರನಿಗೆ ಫೋಟೋ ಕೊಟ್ಟು ಸುಮ್ಮನಾಗಬೇಡಿ. ಅದು ಬಾಗಿಲಲ್ಲಿ ಹೇಗೆ ಕಾಯುತ್ತದೆ, ಸಿಡಿಲಿಗೆ ಹೆದರಿ ಎಲ್ಲಿ ಅಡಗುತ್ತದೆ, ಅದರ ಯಾವ ಕಿವಿ ಹರಿದಿದೆ ಎಂಬುದನ್ನೂ ಹೇಳಿ. ಕೆಳಗೆ ಅದರ ಹೆಸರು, ಊರು, ಇಸವಿ ಬರೆಸಿ.