ದೆಲ್ಲಾ ವಾಲೆಯ ಪತ್ರಗಳಲ್ಲಿ ಉಳ್ಳಾಲ–ಬಂಗರ ಕಲಹ

ಉಳ್ಳಾಲದ ರಾಣಿಯ ಪ್ರಸ್ತಾಪ ಬಂದೊಡನೆ ಇಟಲಿಯ ಯಾತ್ರಿಕನಾದ ಪಿಯೆತ್ರೊ ದೆಲ್ಲಾ ವಾಲೆಯ ಹೆಸರನ್ನೂ ಹೇಳುವುದು ನಮ್ಮ ಜಿಲ್ಲೆಯಲ್ಲಿ ರೂಢಿಯಾಗಿದೆ. ಶಾಲೆಯ ನಾಟಕಗಳಲ್ಲಿಯೂ ಉತ್ಸವದ ಭಾಷಣಗಳಲ್ಲಿಯೂ ಇವನು ವಂದಿಮಾಗಧನಂತೆ ಪ್ರವೇಶಿಸಿ, ರಾಣಿಯನ್ನು ನಾಲ್ಕು ಮಾತಿನಲ್ಲಿ ಹೊಗಳಿ ನಿಷ್ಕ್ರಮಿಸುತ್ತಾನೆ. ಅವನ ಪತ್ರಗಳನ್ನು ಮೊದಲಿನಿಂದ ಕಡೆಯವರೆಗೆ ಓದಿದವರಿಗೆ ಈ ವೇಷವು ಅವನಿಗೆ ಒಪ್ಪುವಂಥದಲ್ಲವೆಂದು ತಿಳಿಯದಿರದು. ಅವನು ಸ್ತುತಿಪಾಠಕನಲ್ಲ, ಸಾಕ್ಷಿ. ಸಾಕ್ಷಿಯ ಮಾತನ್ನು ಅರ್ಧ ಕತ್ತರಿಸಿ ಮುಂದಿಟ್ಟರೆ ನ್ಯಾಯವು ಕೆಡುತ್ತದೆ. ಈ ಲೇಖನದ ಉದ್ದೇಶವು ಉಳಿದರ್ಧವನ್ನೂ ವಾಚಕರ ಮುಂದಿಡುವುದು.

ದೆಲ್ಲಾ ವಾಲೆ 1586ರಲ್ಲಿ ರೋಮಿನ ಕುಲೀನ ಮನೆತನದಲ್ಲಿ ಹುಟ್ಟಿದವನು. 1614ರಲ್ಲಿ ದೇಶ ಬಿಟ್ಟು ತುರ್ಕಿ, ಪರ್ಷಿಯ ದೇಶಗಳನ್ನು ಸುತ್ತಿ 1623ರಲ್ಲಿ ಸೂರತ್ತಿಗೆ ಬಂದಿಳಿದನು. ಮಾರ್ಗಮಧ್ಯದಲ್ಲಿ ತೀರಿಹೋದ ಹೆಂಡತಿಯ ಶವವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಜೊತೆಯಲ್ಲಿಯೇ ಒಯ್ಯುತ್ತಿದ್ದ ವಿಚಿತ್ರ ಪುರುಷನಿವನು. ಕಂಡುದನ್ನೆಲ್ಲ ನೇಪಲ್ಸ್ ನಗರದ ವೈದ್ಯಮಿತ್ರನೊಬ್ಬನಿಗೆ ಪತ್ರರೂಪವಾಗಿ ಬರೆದನು. ಭರತಖಂಡದ ಪತ್ರಗಳ ಇಂಗ್ಲಿಷ್ ಅನುವಾದವನ್ನು ಎಡ್ವರ್ಡ್ ಗ್ರೇ ಎಂಬವರು ಪರಿಷ್ಕರಿಸಿ 1892ರಲ್ಲಿ ಹಾಕ್ಲೂಯಿತ್ ಸಂಸ್ಥೆಯ ಮೂಲಕ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ನನ್ನ ವಿಮರ್ಶೆಗೆ ಆಧಾರವು ಅದೇ.

ಆ ವರ್ಷ ಅಕ್ಟೋಬರ್ ತಿಂಗಳಲ್ಲಿ ಗೋವೆಯ ಪೋರ್ಚುಗೀಸ್ ಸರಕಾರವು ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ರಾಯಭಾರಿಯನ್ನು ಕಳುಹಿಸಿತು. ದೆಲ್ಲಾ ವಾಲೆ ದೇಶ ನೋಡುವ ಆಸೆಯಿಂದ ಆ ಪರಿವಾರವನ್ನು ಸೇರಿಕೊಂಡನು. ಗೋವೆಯಲ್ಲಿದ್ದ ನಾಯಕನ ಕಡೆಯ ರಾಯಭಾರಿ, ಕೊಂಕಣಿ ಬ್ರಾಹ್ಮಣನೊಬ್ಬನು, ಜೊತೆಯಲ್ಲಿಯೇ ಹಿಂದಿರುಗಿದನು. ಇವನ ಹೆಸರನ್ನು ಯಾತ್ರಿಕನು ‘ವಿತುಲಾ ಸಿನಾಯ್’ ಎಂದು ಬರೆದಿದ್ದಾನೆ. ವಿಟ್ಠಲ ಶೆಣೈ ಎಂದು ನಮ್ಮ ಕಿವಿಗೆ ಕೂಡಲೆ ಹೊಳೆಯುತ್ತದೆ. ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿ ನವೆಂಬರಿನಲ್ಲಿ ಎಲ್ಲರೂ ಇಕ್ಕೇರಿ ಸೇರಿದರು. ದಾರಿಯಲ್ಲಿ ಗುಡಿಯೊಂದರ ಮೊಗಸಾಲೆಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹಾಡುತ್ತ, ಬೆರಳಿನಿಂದ ಅಂಕಿಗಳನ್ನು ತಿದ್ದುತ್ತಿದ್ದುದನ್ನು ಅವನು ನಿಂತು ನೋಡಿ ಮೆಚ್ಚಿಕೊಂಡನು. ಜೀವಮಾನವೆಲ್ಲ ಮಕ್ಕಳಿಂದ ಮಗ್ಗಿ ಹೇಳಿಸಿದವನಿಗೆ ಈ ಪುಟವನ್ನು ಬೇಗ ಮಗುಚಿಹಾಕಲು ಮನಸ್ಸು ಬಾರದು. ಯಾವ ರಾಜನ ಲಾಭನಷ್ಟವೂ ಸೇರದ ಇಂತಹ ಸ್ಥಳಗಳಲ್ಲಿ ಇವನ ಕಣ್ಣು ಅತ್ಯಂತ ನಿರ್ಮಲವಾಗಿದೆ.

ರಾಯಭಾರದ ವಿಷಯವೇನೆಂದರೆ ನಮ್ಮ ಬಂಗರಸನ ರಾಜ್ಯ. ಬೆಳ್ತಂಗಡಿ ಸೀಮೆಯ ಬಂಗಾಡಿಯೂ ಬಂಟವಾಳದ ಬಳಿ ನೇತ್ರಾವತಿಯ ದಡದ ನಂದಾವರವೂ ಬಂಗರ ನೆಲೆಗಳು. ಉಳ್ಳಾಲ, ಪುತ್ತಿಗೆ, ಮೂಡಬಿದಿರೆಗಳು ಚೌಟರವು. ಚೌಟವಂಶದ ಉಳ್ಳಾಲದ ರಾಣಿಯನ್ನು ಬಂಗರಸನು ವಿವಾಹವಾಗಿದ್ದನು. ಮುಂದೆ ವೈಮನಸ್ಯವುಂಟಾಗಿ ರಾಣಿಯು ಅವನ ಒಡವೆಗಳನ್ನು ಹಿಂದಕ್ಕೆ ಕಳುಹಿಸಿ ಸಂಬಂಧವನ್ನು ಕಡಿದುಕೊಂಡಳು. ಇದರಿಂದ ಕೆರಳಿದ ಬಂಗರಸನು ಆಕೆ ದೋಣಿಯಲ್ಲಿ ಹೋಗುತ್ತಿರುವಾಗ ಸೆರೆಹಿಡಿದನು. ಆಕೆ ಮಾತುಕೊಟ್ಟು ಬಿಡಿಸಿಕೊಂಡು ಬಂದು ಯುದ್ಧ ಹೂಡಿದಳು. ಬಂಗರಸನು ಪೋರ್ಚುಗೀಸರನ್ನು ಕರೆದನು, ರಾಣಿಯು ವೆಂಕಟಪ್ಪನಾಯಕನನ್ನು ಕರೆದಳು. ನಾಯಕನು ಗೆದ್ದನು, ಬಂಗರಸನು ರಾಜ್ಯ ಬಿಟ್ಟು ಕಾಸರಗೋಡಿಗೆ ಓಡಿದನು. ದೆಲ್ಲಾ ವಾಲೆ ಹೇಳುವ ಕಥೆ ಇಷ್ಟು.

ಇದನ್ನು ಗಂಡಹೆಂಡಿರ ಜಗಳವೆಂದು ಓದುವವರು ಬಹುಮಂದಿ. ಆ ಓದು ಸರಿಯಲ್ಲ. ಅಳಿಯಸಂತಾನದ ನಾಡಿನಲ್ಲಿ ವಿವಾಹದಿಂದ ರಾಜ್ಯಗಳು ಕೂಡುವುದಿಲ್ಲ. ಗಂಡನು ತನ್ನ ಸಿಂಹಾಸನದಲ್ಲಿ, ಹೆಂಡತಿಯು ತನ್ನ ಸಿಂಹಾಸನದಲ್ಲಿ ಇರುವರು. ಅರಸುತನವು ಸೋದರಿಯ ಸಂತತಿಗೆ ಇಳಿಯುವ ಕ್ರಮವನ್ನು ದೆಲ್ಲಾ ವಾಲೆ ವಿಚಾರಿಸಿ ತಿಳಿದು ಬರೆದಿದ್ದಾನೆ. ಆದುದರಿಂದಲೇ ಒಡವೆ ಹಿಂದಿರುಗಿಸಿದ ಸಂಗತಿಯನ್ನು ಅವನು ಅಪವಾದವೆಂಬಂತೆ ಬಣ್ಣಿಸಲಿಲ್ಲ. ಕೌಟಿಲ್ಯನ ರಾಜಮಂಡಲವನ್ನು ಬಲ್ಲವರಿಗೆ ಉಳಿದುದು ಸ್ಪಷ್ಟ. ಗಡಿಗೆ ಗಡಿ ತಾಗಿದವನು ಅರಿ, ಅವನಾಚೆಯವನು ಮಿತ್ರ. ದುರ್ಬಲರಾದ ಇಬ್ಬರೂ ಬಲವಂತರನ್ನು ಮೊರೆಹೊಕ್ಕರು. ಷಾಡ್ಗುಣ್ಯದಲ್ಲಿ ಇದಕ್ಕೆ ಸಂಶ್ರಯವೆಂದು ಹೆಸರು. ರಾಣಿಯ ಆಶ್ರಯವು ಸ್ಥಿರವಾಗಿತ್ತು, ಬಂಗರಸನದು ಕುಸಿಯುತ್ತಿತ್ತು. 1622ರಲ್ಲಿ ಪೋರ್ಚುಗೀಸರು ಪರ್ಷಿಯನ್ನರಿಗೂ ಆಂಗ್ಲರಿಗೂ ಹೊರ್ಮುಜ್ ಕೋಟೆಯನ್ನು ಕಳೆದುಕೊಂಡಿದ್ದರು. ಆ ಮುತ್ತಿಗೆಯ ಕಾಲದಲ್ಲಿ ದೆಲ್ಲಾ ವಾಲೆ ಆ ಕಡಲಕರೆಯ ಸಮೀಪದಲ್ಲಿಯೇ ಇದ್ದನು.

ಇದರ ಮೇಲೆ ಮೆಣಸಿನ ಲೆಕ್ಕ. ನಾಯಕನ ಸೀಮೆಯ ಮೆಣಸು ಗೋವೆಯವರಿಗೆ ಬೇಕು. ಹಿಂದಿನ ಮೆಣಸಿನ ಹಣವಾದರೋ ಬಾಕಿ. ಸಾಲಗಾರನು ಸಾಲಿಗನ ಮನೆಗೆ ಹೋಗಿ ಮೂರನೆಯವನ ಆಸ್ತಿಯನ್ನು ಬಿಟ್ಟುಕೊಡೆಂದು ಕೇಳಿದರೆ ಎಷ್ಟು ಗಟ್ಟಿಯಾಗಿ ಕೇಳಬಲ್ಲನು? ನಮ್ಮ ಶಾಸ್ತ್ರಕಾರರು ದೂತರಲ್ಲಿ ಮೂರು ಬಗೆ ಹೇಳಿದ್ದಾರೆ: ಸ್ವಂತ ವಿವೇಚನೆಯಿಂದ ಕಾರ್ಯ ಸಾಧಿಸುವ ನಿಸೃಷ್ಟಾರ್ಥ, ಹೇಳಿದಷ್ಟನ್ನೇ ನಡೆಸುವ ಪರಿಮಿತಾರ್ಥ, ಓಲೆ ಒಯ್ಯುವ ಶಾಸನಹರ. ಗೋವೆಯ ರಾಯಭಾರಿ ಹೆಸರಿಗೆ ಎರಡನೆಯವನು, ಇಕ್ಕೇರಿಯಲ್ಲಿ ಮೂರನೆಯವನು. ಪೋರ್ಚುಗೀಸರ ಅನ್ನ ಉಣ್ಣುತ್ತಿದ್ದರೂ ದೆಲ್ಲಾ ವಾಲೆ ಅವರ ಬಲಹೀನತೆಯನ್ನು ಮುಚ್ಚಿಡಲಿಲ್ಲ. ಅವರು ರಾಜನೆಂದು ಕರೆಯುವ ನಾಯಕನು ವಿಜಯನಗರದ ಅಧೀನದವನಾಗಿದ್ದು, ಆ ಸಾಮ್ರಾಜ್ಯವು ಕುಗ್ಗಿದ ಮೇಲೆ ಸ್ವತಂತ್ರನಾದವನೆಂಬುದನ್ನೂ ಅಷ್ಟೇ ನಿಷ್ಠುರವಾಗಿ ಬರೆದನು. ಪಕ್ಷಪಾತವಿಲ್ಲದ ಈ ನಿಷ್ಠುರತೆಯೇ ಅವನ ಸಾಕ್ಷ್ಯಕ್ಕೆ ಬೆಲೆ ತಂದಿದೆ.

ಈಗ ರಾಣಿಯ ಭೇಟಿಯ ಪ್ರಕರಣ. ಘಟ್ಟವಿಳಿದು ಮಂಗಳೂರಿಗೆ ಬಂದ ಯಾತ್ರಿಕನು ಆಕೆಯನ್ನು ನೋಡಲು ಗುರುಪುರ ನದಿಯ ದಿಕ್ಕಿನ ಮಣೇಲಿಗೆ ಹೋದನು. ಆಕೆ ಅರಮನೆಯಲ್ಲಿರಲಿಲ್ಲ, ಕಾಲುವೆ ತೋಡಿಸುವ ಕೆಲಸದ ಮೇಲ್ವಿಚಾರಣೆಯಲ್ಲಿದ್ದಳು. ಸುಮಾರು 40 ವರ್ಷ ವಯಸ್ಸು, ಸ್ಥೂಲ ಶರೀರ, ಕಪ್ಪು ಬಣ್ಣ, ಬರಿಗಾಲು, ಸೊಂಟಕ್ಕೆ ದಪ್ಪನೆಯ ಹತ್ತಿಬಟ್ಟೆ. ರಾಣಿಗಿಂತ ಅಡಿಗೆಮನೆಯ ಕೊಳಕು ದಾಸಿಯನ್ನೋ ಅಗಸಗಿತ್ತಿಯನ್ನೋ ಹೋಲುವಳೆಂದು ಅವನು ಬರೆದನು. ನಮ್ಮ ಭಾಷಣಕಾರರು ನುಂಗಿಬಿಡುವ ಮಾತು ಇದು. ಆದರೆ ಅದರ ಬೆನ್ನಿಗೇ, ಸ್ಪೇನ್ ದೊರೆಯ ಸೈನ್ಯಗಳು ಭರತಖಂಡದಲ್ಲಿ ಸೋತುದು ಇಂಥವಳ ಕೈಯಲ್ಲಿಯೇ ಎಂದು ಅವನು ಮನಸ್ಸಿನಲ್ಲಿ ಅಂದುಕೊಂಡುದೂ ದಾಖಲಾಗಿದೆ (ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಕೈಕೆಳಗಿತ್ತು). ಆಮೇಲೆ ಸಂಭಾಷಣೆ. ಪರ್ಷಿಯ, ಮೊಗಲ ರಾಜ್ಯ, ಇಕ್ಕೇರಿಗಳನ್ನು ನೋಡಿ ಈಗ ಉಳ್ಳಾಲದ ಕಾಡುಗಳನ್ನು ನೋಡಬಂದೆನೆಂದು ಅವನು ಹೇಳಲು, ಅಷ್ಟೆಲ್ಲ ಕಂಡವರಿಗೆ ತನ್ನ ಕಾಡುಗಳು ಏನು ಮಹಾ ಎಂಬರ್ಥದ ವಿನಯದ ಉತ್ತರವನ್ನು ಆಕೆ ಕೊಟ್ಟಳು. ಆಕೆಯ ಧ್ವನಿಯು ಇಂಪಾಗಿಯೂ ಮಾತು ವಿವೇಕಪೂರ್ಣವಾಗಿಯೂ ಇತ್ತೆಂದೂ, ಆಕೆಯ ರಾಣಿತನವು ತೋರಿದುದು ರೂಪದಲ್ಲಲ್ಲ ಮಾತಿನಲ್ಲಿ ಎಂದೂ ಅವನು ತೀರ್ಮಾನಿಸಿದನು.

ರೋಮಿನ ಅರಮನೆಗಳ ಅಳತೆಗೋಲನ್ನು ಹಿಡಿದ ಕಣ್ಣು ಒಂದು ತೀರ್ಪು ಕೊಟ್ಟಿತು, ದುಭಾಷಿಯ ಮೂಲಕ ಕೇಳಿದ ಕಿವಿ ಇನ್ನೊಂದನ್ನು ಕೊಟ್ಟಿತು. ಊರಿಗೆ ಹಿಂದಿರುಗಿ ಪತ್ರಗಳನ್ನು ಒಪ್ಪಮಾಡುವಾಗ ಮೊದಲನೆಯದನ್ನು ಅಳಿಸಿ ಸಭ್ಯನೆನಿಸಿಕೊಳ್ಳಬಹುದಾಗಿತ್ತು. ಎರಡನೆಯದನ್ನು ಅಳಿಸಿ ಸ್ವದೇಶೀಯರನ್ನು ನಗಿಸಬಹುದಾಗಿತ್ತು. ಅವನು ಎರಡನ್ನೂ ಉಳಿಸಿದನು. ಒರಟು ಮಾತಿಗೆ ಕೋಪಿಸಿಕೊಂಡು ಅದನ್ನು ಹರಿದುಹಾಕುವ ನಾವು, ಅದರ ಜೊತೆಯಲ್ಲಿ ಹೊಗಳಿಕೆಯ ಬೇರನ್ನೂ ಕಿತ್ತುಹಾಕುತ್ತಿದ್ದೇವೆ. ಹಗುರವಾಗಿ ಕಂಡವನೇ ತಲೆಬಾಗಿದ ಕಾರಣದಿಂದಲ್ಲವೆ ಆ ಮೆಚ್ಚಿಕೆಗೆ ತೂಕ?

ಇನ್ನೊಂದು ಮಾತು. 1623ರಲ್ಲಿ 40ರ ಆಸುಪಾಸಿನಲ್ಲಿದ್ದವಳು ಹದಿನಾರನೆಯ ಶತಮಾನದ ಮಧ್ಯದಲ್ಲಿ ಪೋರ್ಚುಗೀಸರೊಡನೆ ಕಾದಿದ ರಾಣಿಯಾಗಲು ಸಾಧ್ಯವಿಲ್ಲ. ಅಬ್ಬಕ್ಕ ಎಂಬ ಹೆಸರಿನಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಸೇರಿಹೋಗಿದ್ದಾರೆಂದು ವಿದ್ವಾಂಸರು ಹೇಳುತ್ತಲೇ ಬಂದಿದ್ದಾರೆ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ಆಕೆಯ ಹೆಸರಿಟ್ಟರು, ಬಂಟವಾಳದ ಬಿ.ಸಿ. ರೋಡಿನಲ್ಲಿ ಆಕೆಯ ಹೆಸರಿನ ತುಳು ಅಧ್ಯಯನ ಕೇಂದ್ರವಿದೆ. ಇವೆಲ್ಲವೂ ಸಂತೋಷದ ವಿಷಯಗಳೇ. ಆದರೆ ನಮ್ಮ ನಾಟಕಗಳಲ್ಲಿ ಆಕೆಯ ಕೈಯಿಂದ ಕತ್ತಿ ಇಳಿಯುವುದೇ ಇಲ್ಲ. ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟ ಪರದೇಶಿಯು ತೋರಿಸುವುದು ಕಾಲುವೆಯ ಬದಿಯಲ್ಲಿ ನಿಂತ ಕೃಷಿಕಳನ್ನು. ಆ ದೃಶ್ಯಕ್ಕೆ ರಂಗದಲ್ಲಿ ಸ್ಥಳವಿಲ್ಲವೆ?

ಬಂಗರಸನ ವಿಷಯದಲ್ಲಿ ಯಾತ್ರಿಕನೂ ನಾವೂ ಸಮಾನ ದೋಷಿಗಳು. ಅವನ ರಾಜ್ಯಕ್ಕಾಗಿ ಹೊರಟ ರಾಯಭಾರದಲ್ಲಿ ಎಲ್ಲರ ಮಾತೂ ಇದೆ, ಅವನದಿಲ್ಲ. ಸ್ವಂತ ಪತ್ನಿಯನ್ನು ಸೆರೆಹಿಡಿದವನೆಂದೂ ಪರಂಗಿಯವರನ್ನು ಕರೆತಂದವನೆಂದೂ ಅವನನ್ನು ಖಳನ ಪಾತ್ರಕ್ಕೆ ನೂಕಿ ನಾವು ಸುಮ್ಮನಾಗಿದ್ದೇವೆ. ನಾಯಕನನ್ನು ಕರೆತಂದ ರಾಣಿಯೂ ಅದೇ ಸಂಶ್ರಯನೀತಿಯನ್ನು ಹಿಡಿದವಳು, ವ್ಯತ್ಯಾಸವಾದುದು ಫಲದಲ್ಲಿ. ಬಂಗಾಡಿ, ನಂದಾವರಗಳಲ್ಲಿ ಬಂಗರ ಕುರಿತಾಗಿ ಹಿರಿಯರ ಬಾಯಲ್ಲಿ ಉಳಿದಿರುವುದನ್ನು ತರುಣರು ಬರೆದುಕೊಂಡು, ಇಟಲಿಯ ಮೂಲದ ಪಕ್ಕದಲ್ಲಿಟ್ಟು ನೋಡಲಿ. ಇಂಗ್ಲಿಷಿನ ಮೂಲಕ ಬಂದ ‘ಬಾಂಘೆಲ್’, ‘ಓಲಾಲ’, ‘ಮನೆಲ್’ಗಳ ಹಿಂದೆ ನಮ್ಮ ಊರುಗಳೇ ಇವೆ, ಆ ಮೂಲದಿಂದ ನೇರವಾಗಿ ಕನ್ನಡಕ್ಕೆ ತರುವವರು ಮೊದಲು ಮಣೇಲಿನ ಪತ್ರದಿಂದ ಆರಂಭಿಸಬಹುದು.