ಗೋಡೆ ಕಟ್ಟಿದವರೇ ಸುಂಕ ಕೇಳಿದರೆ

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಗೆಲುವನ್ನು ಮಾರುವುದಿಲ್ಲ, ಸೌಕರ್ಯವನ್ನಷ್ಟೇ ಮಾರುತ್ತದೆ ಎಂಬ ಒಳ್ಳೆಯ ಹೆಸರು ಆನ್‌ಲೈನ್ ಆಟಗಳ ಲೋಕದಲ್ಲಿ ಬಹುಕಾಲದಿಂದ ಇದೆ. ಆ ಹೆಸರಿಗೆ ಅದು ಅರ್ಹವಲ್ಲ. ತಿಂಗಳ ಚಂದಾ 15 ಡಾಲರ್. ಅದರ ಮೇಲೆ ಪಾತ್ರದ ಹೆಸರು ಬದಲಿಸಲು 10, ಸರ್ವರ್ ಬದಲಿಸಲು 25, ಅಲಯನ್ಸ್ ಬಣ ಬಿಟ್ಟು ಎದುರಾಳಿ ಹೋರ್ಡ್ ಬಣ ಸೇರಲು 30. ಹೆಸರಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಅದು ಆಟಗಾರನ ಖುಷಿ. ಉಳಿದವು ಹಾಗಲ್ಲ.

2014ರಲ್ಲಿ ಆಟದ ಕಂಪನಿ ಬ್ಲಿಝಾರ್ಡ್ ಒಂದು ಪಾತ್ರವನ್ನು ನೇರವಾಗಿ 90ನೇ ಲೆವೆಲ್‌ಗೆ ಏರಿಸುವ ಬೂಸ್ಟ್‌ಗೆ 60 ಡಾಲರ್ ಇಟ್ಟಿತು. ಆಗ ವಿನ್ಯಾಸಕ ಅಯಾನ್ ಹಜ್ಜಿಕೊಸ್ಟಾಸ್ ಕೊಟ್ಟ ಸಮರ್ಥನೆಯ ತಾತ್ಪರ್ಯ ಇದು: ದರ ಕಡಿಮೆಯಾದರೆ ಆಡಿ ಲೆವೆಲ್ ಏರಿದವರ ಸಾಧನೆ ಹಗುರಾಗುತ್ತದೆ. ಈ ಮಾತನ್ನು ಎಷ್ಟೋ ಜನ ತಲೆದೂಗಿ ಒಪ್ಪಿಕೊಂಡರು. ಸ್ವಲ್ಪ ಬಿಡಿಸಿ ನೋಡೋಣ. ಸಾಧನೆಗೆ ಮಾರಾಟದಿಂದ ಕುಂದು ಬರುವುದಾದರೆ ಮಾರಲೇಬಾರದು. 60 ಡಾಲರ್‌ಗೆ ಉಳಿಯುವ ಮರ್ಯಾದೆ 30ಕ್ಕೆ ಹೋಗುವುದು ಹೇಗೆ? ಹೆಚ್ಚಿನ ದರ ತಡೆಯುವುದು ಕಡಿಮೆ ಹಣ ಇರುವವನನ್ನು ಮಾತ್ರ, ಅವಸರ ಇರುವವನನ್ನಲ್ಲ. ಇನ್ನೂ ಮುಖ್ಯವಾದುದು, ಅದೇ ವರ್ಷದ 'ವಾರ್‌ಲಾರ್ಡ್ಸ್ ಆಫ್ ಡ್ರೇನರ್' ವಿಸ್ತರಣೆ ಕೊಂಡವರಿಗೆಲ್ಲ ಇದೇ ಬೂಸ್ಟ್ ಒಂದು ಪುಕ್ಕಟೆ ಸಿಕ್ಕಿತು. ಆ ಇಡೀ ವಿಸ್ತರಣೆಯ ಬೆಲೆ 50 ಡಾಲರ್. ಬಿಡಿಯಾಗಿ ಕೊಂಡ ಬೂಸ್ಟ್, ಬೂಸ್ಟ್ ಸಮೇತ ಬಂದ ವಿಸ್ತರಣೆಗಿಂತ ದುಬಾರಿ! ಪೆಟ್ಟಿಗೆಯೊಳಗೆ ಹಂಚುವಾಗ ನೆನಪಿಗೆ ಬಾರದ ಶ್ರಮದ ಘನತೆ, ಅಂಗಡಿಯಲ್ಲಿ ದರಚೀಟಿ ಅಂಟಿಸುವಾಗ ಮಾತ್ರ ನೆನಪಾಯಿತು.

ಈ ಚರ್ಚೆಯನ್ನು ಕೆಡಿಸಿದ್ದರಲ್ಲಿ ಆಟಗಾರರ ಪರ ವಾದಿಸುವ ವಿಮರ್ಶಕರ ಪಾಲೂ ದೊಡ್ಡದು. ಡೇಟಾಬೇಸಿನಲ್ಲಿ ಒಂದು ಸಾಲು ತಿದ್ದುವುದಕ್ಕೆ 25 ಡಾಲರ್ ಯಾಕೆ ಎಂದು ಅವರು ಕೇಳುತ್ತಾರೆ. ಈ ವಾದ ಹಿಡಿದರೆ ಯಾವ ಡಿಜಿಟಲ್ ಸರಕಿಗೂ ಬೆಲೆ ಇರಕೂಡದು. ಮೇಲಾಗಿ ಕಂಪನಿಗೆ ಸುಲಭದ ಉತ್ತರ ಸಿಗುತ್ತದೆ: ಶುಲ್ಕವಿಲ್ಲದಿದ್ದರೆ ಜನ ದಿನಕ್ಕೊಂದು ಸರ್ವರ್‌ಗೆ ಹಾರುತ್ತಾರೆ, ಯಾವ ಸಮುದಾಯವೂ ನೆಲೆ ನಿಲ್ಲುವುದಿಲ್ಲ. ಅದು ನಿಜವಾದ ಆತಂಕ. ಆದರೆ ಅದಕ್ಕೆ ಕಾಯುವ ಅವಧಿ ಸಾಕು. ಆರು ತಿಂಗಳಿಗೊಮ್ಮೆ ಉಚಿತ ಎಂದರೆ ಹಾರಾಟ ತಾನೇ ನಿಲ್ಲುತ್ತದೆ. ಬೇಕಾದವರು ಕೊಳ್ಳಲಿ, ಒತ್ತಾಯವೇನಿಲ್ಲವಲ್ಲ ಎನ್ನುವ ಇನ್ನೊಂದು ಗುಂಪಿನವರು ಖಾಲಿಯಾದ ಸರ್ವರ್‌ನಲ್ಲಿ ಆಡಿದವರಲ್ಲ ಎಂದೇ ನನ್ನ ಅನುಮಾನ.

ಕೇಳಬೇಕಾದ ಪ್ರಶ್ನೆ ಖರ್ಚಿನದಲ್ಲ, ಅಗತ್ಯವನ್ನು ಹುಟ್ಟಿಸಿದವರು ಯಾರು ಎಂಬುದು. ಆಟವನ್ನು ಸರ್ವರ್‌ಗಳಾಗಿ ಒಡೆದದ್ದು ಕಂಪನಿ. ಅತಿ ಕಠಿಣ ಗುಂಪು ದಾಳಿಯಾದ ಮಿಥಿಕ್ ರೇಡ್‌ಗೆ 20 ಜನ ಬೇಕು ಎಂಬ ನಿಯಮ ಮಾಡಿದ್ದೂ, ಆರಂಭದ ವಾರಗಳಲ್ಲಿ ಎಲ್ಲರೂ ಒಂದೇ ಸರ್ವರ್‌ನವರಾಗಿರಬೇಕು ಎಂದು ಬಹುಕಾಲ ಕಟ್ಟುಪಾಡು ಇಟ್ಟಿದ್ದೂ ಅದೇ. ಜನ ಚದುರಿದ ಸರ್ವರ್‌ನಿಂದ ಅಂಥ 20 ಜನರ ಒಂದು ಗಿಲ್ಡ್, ಅಂದರೆ ಆಟಗಾರರ ತಂಡ, ಹೊರಟರೆ ತಲೆಗೆ 25ರಂತೆ 500 ಡಾಲರ್. 2013ರಲ್ಲಿ ಬ್ಲಿಝಾರ್ಡ್ ಸಣ್ಣ ಸರ್ವರ್‌ಗಳನ್ನು ಜೋಡಿಸತೊಡಗಿತು, ಅದನ್ನು ಮೆಚ್ಚಬೇಕು. 2022ರಲ್ಲಿ ಎರಡು ಬಣಗಳವರೂ ಒಟ್ಟಿಗೆ ರೇಡ್ ಮಾಡಲು ಬಿಟ್ಟಿತು. ಗೋಡೆ ಇಷ್ಟು ತಗ್ಗಿದರೂ ಬಣ ಬದಲಾವಣೆಯ ಪಟ್ಟಿ ದರ 30ರಲ್ಲೇ ನಿಂತಿತು.

ರೂಪ ಬದಲಾವಣೆಗೂ ಒಂದು ಕಾಲದಲ್ಲಿ 15 ಡಾಲರ್ ಇತ್ತು. 2020ರಲ್ಲಿ ಅದನ್ನು ಆಟದೊಳಗಿನ ಕ್ಷೌರದಂಗಡಿಗೆ ವರ್ಗಾಯಿಸಿ, ಆಟದ ಚಿನ್ನಕ್ಕೇ ಕೊಟ್ಟರು. ಯಾರ ಸಾಧನೆಯೂ ಹಗುರಾಗಲಿಲ್ಲ. ಬಡಕಲು ಸರ್ವರ್‌ಗಳಿಂದ ಹೊರಡುವವರಿಗೂ ಅದೇ ನ್ಯಾಯ ಸಲ್ಲಬೇಕು, 25 ಡಾಲರ್ ಕೇಳದೆ.